ಹಳೇ ನಕ್ಷೆ, ಹೊಸ ಎರಕ: ನೀಲಗಿರಿಯ ಎಕ್ಸ್ ಎಂಜಿನ್

ಗೂಡಲೂರು ದಾಟಿ ಊಟಿಗೆ ಹೋಗುವ ನಮ್ಮವರು ಊಟಿ–ಕೂನೂರು ನಡುವೆ ರೈಲು ಹತ್ತಿ ‘ಉಗಿಬಂಡಿ ನೋಡಿ ಬಂದೆವು’ ಎನ್ನುವುದುಂಟು. ಆ ತುಂಡಿನಲ್ಲಿ ಸಾಮಾನ್ಯವಾಗಿ ಓಡುವುದು ಡೀಸೆಲ್. ಉಗಿಗೆ ನಿಜವಾದ ಕೆಲಸ ಇರುವುದು ಕೆಳಗೆ, ಕಲ್ಲಾರ್‌ನಿಂದ ಕೂನೂರಿನವರೆಗಿನ ಸುಮಾರು 20 ಕಿ.ಮೀ. ಏರಿನಲ್ಲಿ. ಅಲ್ಲಿ ತೀರಾ ಕಡಿದಾದ ಕಡೆ ಸುಮಾರು 12 ಅಡಿ ಸಾಗುವಷ್ಟರಲ್ಲಿ 1 ಅಡಿ ಮೇಲೇರಬೇಕು. ನುಣುಪು ಹಳಿಯ ಮೇಲೆ ಗಾಲಿ ಜಾರುತ್ತದೆ. ಅದಕ್ಕೇ ಎಂಜಿನ್ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಡಬ್ಬಿಗಳನ್ನು ಹಿಂದಿನಿಂದ ತಳ್ಳುತ್ತದೆ.

ಈ ಏರು ಹತ್ತುವ, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾಗುತ್ತಿದ್ದ ಎಕ್ಸ್ ವರ್ಗದ ಎಂಜಿನ್‌ಗಳು ಅಲ್ಲಿಂದ ಕೊನೆಯದಾಗಿ ಬಂದದ್ದು 1952ರಲ್ಲಿ. ದಶಕಗಳ ನಂತರ ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪಿನವರು ಅದೇ ವರ್ಗದ ಹೊಸ ಎಂಜಿನ್ ಕಟ್ಟಿದರು. ಮೊದಲು ಎಣ್ಣೆ ಉರಿಸುವವು, 2021ರಲ್ಲಿ ಕಲ್ಲಿದ್ದಲಿನದು.

ಎಂಜಿನ್ನಿನ ಹಳೇ ನಕ್ಷೆ ಇದ್ದರೆ ಆಯಿತಲ್ಲ ಎನ್ನಬಹುದು. ನಕ್ಷೆಯಲ್ಲಿ ಅಳತೆ ಇರುತ್ತದೆ, ಎರಕದ ಕೈಚಳಕ ಇರುವುದಿಲ್ಲ. ಬೀಡುಕಬ್ಬಿಣ ಆರುವಾಗ ಸುಮಾರು ನೂರಕ್ಕೊಂದು ಪಾಲು ಕುಗ್ಗುವುದರಿಂದ ಉಗಿ ಪಿಸ್ಟನ್ ತಳ್ಳುವ ಸಿಲಿಂಡರಿನ ಮರದ ಅಚ್ಚನ್ನು ಅಷ್ಟು ಹಿಗ್ಗಿಸಿಯೇ ಕೆತ್ತಬೇಕು. ಉಗಿದಾರಿಗೆಂದು ಒಳಗಿಟ್ಟ ಮರಳಿನ ತಿರುಳು ಎರೆಯುವಾಗ ತುಸು ಸರಿದರೂ ಒಂದು ಬದಿಯ ಗೋಡೆ ತೆಳುವಾಗುತ್ತದೆ. ಎಷ್ಟೋ ಸಲ ಅದು ಗೊತ್ತಾಗುವುದು ಲೇತಿನಲ್ಲಿ ಕೊರೆದ ಮೇಲೆ. ಅಷ್ಟು ಹೊತ್ತಿಗೆ ದುಡ್ಡು, ದುಡಿಮೆ ಎರಡೂ ನೀರುಪಾಲು.

ಎಕ್ಸ್‌ಗೆ ಇಂಥ ಸಿಲಿಂಡರ್ ನಾಲ್ಕು. ಸಮತಟ್ಟಿನಲ್ಲಿ ಕೆಳಗಿನ ಎರಡೇ ದುಡಿಯುತ್ತವೆ. ಹಲ್ಲುಪಟ್ಟಿ ಸಿಕ್ಕಾಗ ಅಲ್ಲಿ ದುಡಿದ ಉಗಿಯೇ ಮೇಲಿನ ಎರಡಕ್ಕೆ ಹೋಗಿ ಹಲ್ಲುಗಾಲಿ ತಿರುಗಿಸುತ್ತದೆ. ಹಿಗ್ಗಿದ ಉಗಿಗೆ ಹೆಚ್ಚು ಜಾಗ ಬೇಕಲ್ಲ; ನಡುವೆ ಗೇರ್ ಇರುವುದರಿಂದ ಮೇಲಿನ ಪಿಸ್ಟನ್‌ಗಳು ಹೆಚ್ಚು ವೇಗವಾಗಿ ಓಡಾಡಿ, ಅಷ್ಟೇ ಹೊತ್ತಿನಲ್ಲಿ ಆ ಜಾಗ ಒದಗಿಸುತ್ತವೆ. ಚಂದದ ಲೆಕ್ಕ.

ಎಲ್ಲಕ್ಕಿಂತ ಕಾಡುವುದು ಬಾಯ್ಲರ್. ಇಂಗ್ಲೆಂಡಿನ ಎ1 ವರ್ಗದ 49 ಎಂಜಿನ್‌ಗಳೂ ಗುಜರಿಗೆ ಹೋದ ಮೇಲೆ 2008ರಲ್ಲಿ ಹೊಸದಾಗಿ ಕಟ್ಟಿ ಮುಗಿಸಿದ ‘ಟೊರ್ನೇಡೊ’ಗೆ ಬಾಯ್ಲರ್ ಜರ್ಮನಿಯ ಮೈನಿಂಗನ್‌ನಿಂದ ಬರಬೇಕಾಯಿತು. ಕೆಲವೇ ವರ್ಷಗಳಲ್ಲಿ ಆ ಬಾಯ್ಲರ್ ರಿಪೇರಿಗೆಂದು ಅಲ್ಲಿಗೇ ಮರಳಿತು.

ಬಾಯ್ಲರಿನಲ್ಲಿ ಬೆಂಕಿ ಉರಿಯುವ ಭಾಗವಾದ ಬೆಂಕಿಗೂಡಿನ ಒಳತಗಡು ಹೊರತಗಡಿಗಿಂತ ಹೆಚ್ಚು ಕಾಯುತ್ತದೆ, ಹೆಚ್ಚು ಹಿಗ್ಗುತ್ತದೆ. ಎರಡನ್ನೂ ಬಿಗಿದಿಟ್ಟ ನೂರಾರು ಸ್ಟೇ ಬೋಲ್ಟ್‌ಗಳು ಪ್ರತಿ ಸಲ ಬೆಂಕಿ ಹಾಕಿದಾಗಲೂ ಕೂದಲೆಳೆಯಷ್ಟು ಬಾಗುತ್ತವೆ. ಮೊದಲು ಮುರಿಯುವುದು ಹೆಚ್ಚಾಗಿ ಮೇಲಿನ ಸಾಲು ಮತ್ತು ಮೂಲೆಗಳಲ್ಲಿ. ಇದನ್ನು ಹಿಡಿಯಲು ಬೋಲ್ಟಿನ ನಡುವೆ ಸಣ್ಣ ತೂತು ಕೊರೆದಿರುತ್ತಾರೆ. ಒಳಗೆ ಬಿರುಕು ಬಿಟ್ಟರೆ ತೂತಿನಲ್ಲಿ ನೀರು, ಉಗಿ ಜಿನುಗುತ್ತದೆ. ಸೋರುತ್ತಿದೆಯೆಂದು ಅದಕ್ಕೆ ಬೆಣೆ ಬಡಿಯಬಾರದು, ಬೋಲ್ಟನ್ನೇ ಬದಲಿಸಬೇಕು.