ಸ್ಪೇರ್ ಪಾರ್ಟ್ಸ್ ಅಂಗಡಿಯ ಆಪ್ ಬಟ್ಟೆ ಮಾರುವ ಆಪ್‌ನಂತೆ ಇದ್ದರೆ ಸಾಲದೆ?

ಪ್ರಶ್ನೆ: ನಮ್ಮದು ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಸ್ವಂತ ಮೊಬೈಲ್ ಆಪ್ ಮಾಡಿಸಬೇಕು ಅಂತಿದ್ದೇವೆ. ಬಟ್ಟೆ ಮಾರುವ ಆಪ್‌ಗಳ ಹಾಗೆ ಫೋಟೊ, ಬೆಲೆ, ಕಾರ್ಟ್ ಇದ್ದರೆ ಸಾಕಲ್ವಾ?

ಉತ್ತರ: ಸಾಲದು. ಅಂಗಿ ಸ್ವಲ್ಪ ದೊಗಲೆಯಾದರೂ ಹಾಕಿಕೊಂಡು ಓಡಾಡಬಹುದು. ಬ್ರೇಕ್ ಪ್ಯಾಡ್ ಎರಡು ಮಿಲಿಮೀಟರ್ ದೊಡ್ಡದಾದರೆ ಕೂರುವುದೇ ಇಲ್ಲ. ವಾಪಸ್ ಬರುವಷ್ಟರಲ್ಲಿ ಡಬ್ಬ ಹರಿದು, ಪ್ಯಾಡ್‌ಗೆ ಗ್ರೀಸ್ ಮೆತ್ತಿರುತ್ತದೆ. ಅದನ್ನು ಇನ್ನೊಬ್ಬರಿಗೆ ಮಾರುವುದು ಹೇಗೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ‘ಸ್ವಿಫ್ಟ್‌ಗೆ ಹೆಡ್‌ಲೈಟ್ ಕೊಡಿ’ ಅಂದ ಕೂಡಲೇ ಯಾರೂ ಒಳಗಿಂದ ಡಬ್ಬ ತರುವುದಿಲ್ಲ. ‘ಯಾವ ವರ್ಷದ್ದು? ಹಳೇ ಶೇಪಾ, ಹೊಸದಾ? ಎಡಗಡೆಯದಾ, ಬಲಗಡೆಯದಾ?’ ಎಂದು ಕೇಳಿಯೇ ಏಳುತ್ತಾರೆ. ನಿಮ್ಮ ಆಪ್ ಮಾಡಬೇಕಾದ್ದೂ ಇದನ್ನೇ. ಯಾವ ಪಾರ್ಟ್ ಬೇಕು ಅನ್ನುವುದಕ್ಕಿಂತ ಮೊದಲು ಯಾವ ಗಾಡಿ ಅಂತ ಕೇಳಬೇಕು.

ವರ್ಷ ಕೇಳಿದರೆ ಮುಗಿಯಲಿಲ್ಲ. ಎರಡನೇ ತಲೆಮಾರಿನ ಸ್ವಿಫ್ಟ್ ಬಂದದ್ದು 2011ರ ಆಗಸ್ಟ್‌ನಲ್ಲಿ. ಹಾಗಾಗಿ ‘2011ರ ಸ್ವಿಫ್ಟ್’ ಅಂದರೆ ಎರಡು ಬೇರೆ ಬೇರೆ ಗಾಡಿ! ಜೊತೆಗೆ ಇನ್ನೊಂದು ತೊಡಕು. ಡಿಸೆಂಬರ್‌ನಲ್ಲಿ ತಯಾರಾದ ಕಾರು ಜನವರಿಯಲ್ಲಿ ನೋಂದಣಿಯಾಗಿರುತ್ತದೆ, ಮಾಲೀಕರು ನೋಂದಣಿ ವರ್ಷವನ್ನೇ ಹೇಳುತ್ತಾರೆ. ಆರ್‌ಸಿಯಲ್ಲಿ ತಯಾರಾದ ತಿಂಗಳೂ ಇರುತ್ತದೆ. ಕಾರ್ಡಿನ ಮೇಲೆ ಅದು ಎಲ್ಲಿದೆ ಅನ್ನುವುದನ್ನು ಒಂದು ಚಿತ್ರದಲ್ಲಿ ತೋರಿಸಿ.

ಇನ್ನೂ ಗಟ್ಟಿಯಾದ ದಾರಿ ಚಾಸಿ ನಂಬರ್, ಅಂದರೆ ಪ್ರತಿ ಗಾಡಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್. ಈಗಿನ ಕಾರುಗಳಲ್ಲಿ ಅದು 17 ಅಕ್ಷರ, ಅಂಕಿಗಳದ್ದು. ಸೊನ್ನೆ, ಒಂದು ಇವುಗಳ ಜೊತೆ ಗೊಂದಲ ಆಗಬಾರದು ಅಂತ ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಗಿರಾಕಿ ಓ ಒತ್ತಿದರೆ ‘ತಪ್ಪು ನಂಬರ್’ ಅಂತ ಗದರಿಸಬೇಡಿ, ಸುಮ್ನೆ ಸೊನ್ನೆ ಮಾಡಿಕೊಳ್ಳಿ. ಶುರುವಿನಲ್ಲಿ ಎಂಎ3 ಇದ್ದರೆ ಮಾರುತಿ, ಎಂಎಟಿ ಇದ್ದರೆ ಟಾಟಾ, ಎಂಎಎಲ್ ಇದ್ದರೆ ಹ್ಯುಂಡೈ. ಅಲ್ಲಿಗೆ ಕಂಪನಿ ಯಾವುದು ಅಂತ ಕೇಳುವ ಕೆಲಸವೇ ತಪ್ಪಿತು. ಆದರೆ ಹದಿನೇಳು ಅಕ್ಷರ ಟೈಪ್ ಮಾಡುವ ತಾಳ್ಮೆ ಯಾರಿಗಿದೆ? ಕ್ಯಾಮೆರಾದಿಂದ ಓದಿಸಿ. ಒಮ್ಮೆ ಓದಿಸಿದ ಗಾಡಿಯನ್ನು ಉಳಿಸಿಡಿ, ಮತ್ತೆ ಕೇಳಬೇಡಿ. ಗ್ಯಾರೇಜಿನವರ ಹತ್ತಿರ ದಿನಕ್ಕೊಂದು ಹೊಸ ಗಾಡಿ ಬರುತ್ತದೆ. ಅವರಿಗೆ ಗಾಡಿ ನಂಬರ್ ಪ್ರಕಾರ ಪಟ್ಟಿ ಇರಲಿ, ಬಿಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ಬರಲಿ.

ಹುಡುಕುವ ಜಾಗದಲ್ಲಿ ಗಿರಾಕಿಯ ಭಾಷೆ ನಡೆಯಬೇಕು. ಕ್ಯಾಟಲಾಗ್‌ನಲ್ಲಿ ‘ಸ್ಟಾರ್ಟರ್ ಮೋಟರ್’ ಅಂತ ಇರುತ್ತದೆ, ಮೆಕ್ಯಾನಿಕ್ ಹುಡುಕುವುದು ‘ಸೆಲ್ಫ್’. ಆಲ್ಟರ್ನೇಟರ್ ಅವನಿಗೆ ‘ಡೈನಮೋ’. ‘ಟೇಲ್‌ಗೇಟ್’ ಅಂತ ಯಾರೂ ಹೇಳಲ್ಲ, ಎಲ್ಲರಿಗೂ ಅದು ಡಿಕ್ಕಿ. ಈ ಪಟ್ಟಿ ಆಪ್ ಮಾಡುವ ಹುಡುಗರಿಗೆ ಗೊತ್ತಿರುವುದಿಲ್ಲ. ನಿಮ್ಮ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿ. ಪಾರ್ಟ್ ನಂಬರನ್ನು ನಡುವಿನ ಗೆರೆ ಬಿಟ್ಟು ಹೊಡೆದರೂ ಸಿಗಬೇಕು. ಕಂಪನಿ ನಂಬರ್ ಬದಲಾಯಿಸಿದ್ದರೆ ಹಳೇ ನಂಬರಿಗೆ ಹೊಸ ಪಾರ್ಟ್ ಬರಬೇಕು.

ಎಡ, ಬಲದ ಮಾತು ಬಂತಲ್ಲ, ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಕಾರಿನ ಎದುರು ನಿಂತು ‘ಎಡಗಡೆ ಕನ್ನಡಿ’ ಅಂತ ಆರ್ಡರ್ ಮಾಡಿದೆ. ಈ ವ್ಯಾಪಾರದಲ್ಲಿ ಎಡ ಅಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಎಡ. ಬಂದ ಕನ್ನಡಿ ಮೂರು ವಾರ ಮನೆಯ ಶೂ ರ‍್ಯಾಕ್ ಮೇಲೆ ಕೂತಿತ್ತು. ಹಾಗಾಗಿ ‘ಎಡ’ ಅಂತ ಅಕ್ಷರದಲ್ಲಿ ಮಾತ್ರ ಬರೆಯಬೇಡಿ. ಮೇಲಿನಿಂದ ನೋಡಿದ ಕಾರಿನ ಚಿತ್ರ ಹಾಕಿ, ಸ್ಟೇರಿಂಗ್ ತೋರಿಸಿ, ಬೇಕಾದ ಮೂಲೆಯನ್ನು ಬೆರಳಿನಿಂದ ಮುಟ್ಟಲಿ.

ಬೆಲೆಯ ವಿಷಯದಲ್ಲಿ ಒಂದೇ ಮಾತು. ಕಾರ್ ಕಂಪನಿಯ ಡಬ್ಬದಲ್ಲಿ ಬರುವ ಪಾರ್ಟ್ ಯಾವುದು, ಬೇರೆ ತಯಾರಕರದ್ದು ಯಾವುದು ಅಂತ ಬೆಲೆಯ ಪಕ್ಕದಲ್ಲೇ ಬರೆಯಿರಿ.

ವಾಪಸ್ ನಿಯಮವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಹೇಳಿದ ಗುಣಲಕ್ಷಣಕ್ಕೆ ಹೊಂದದ ಮಾಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಆಪ್ ‘ನಿಮ್ಮ ಗಾಡಿಗೆ ಕೂರುತ್ತದೆ’ ಅಂದು, ಪಾರ್ಟ್ ಕೂರದಿದ್ದರೆ ಹೊರೆ ನಿಮ್ಮದೇ ಅಂತ ಇಟ್ಟುಕೊಳ್ಳಿ. ಅದಕ್ಕೇ ಪ್ರತಿ ಆರ್ಡರಿನ ಜೊತೆ ಗಿರಾಕಿ ಆರಿಸಿದ ಗಾಡಿ, ತಿಂಗಳು, ಎಡ ಬಲ ಎಲ್ಲವೂ ದಾಖಲಾಗಲಿ. ಬಿಲ್ ಮೇಲೂ ಅಚ್ಚಾಗಲಿ. ಮಾಲು ಕಟ್ಟುವ ಹುಡುಗನಿಗೂ ಅದು ಕಾಣುತ್ತದೆ.

ಇಷ್ಟೆಲ್ಲ ಆದಮೇಲೂ ಕೆಲವರಿಗೆ ಏನು ಬೇಕು ಅಂತಲೇ ಗೊತ್ತಿರುವುದಿಲ್ಲ. ಅವರಿಗೆ ‘ಗೊತ್ತಿಲ್ಲ, ಫೋಟೊ ಕಳಿಸುತ್ತೇನೆ’ ಅನ್ನುವ ದೊಡ್ಡ ಬಟನ್ ಇಡಿ. ಫೋಟೊ ನೇರವಾಗಿ ಕೌಂಟರಿನ ಫೋನಿಗೆ ಬರಲಿ. ಮೊದಲ ಆರು ತಿಂಗಳು ಫಿಲ್ಟರ್, ಬ್ರೇಕ್ ಪ್ಯಾಡ್, ವೈಪರ್, ಬಲ್ಬ್ ಇಷ್ಟನ್ನು ಆಪ್‌ನಲ್ಲಿ ಮಾರಿ ನೋಡಿ. ಎಂಜಿನ್ ಒಳಗಿನ ಮಾಲಿಗೆ ಅಲ್ಲಿಯವರೆಗೆ ಫೋನೇ ಇರಲಿ.