ಒಂದೇ ಶ್ರೇಣಿ, ಎರಡು ಪಿಂಚಣಿ: ಸೈನಿಕರ ಅತೃಪ್ತಿ ಬೆಳೆದುಬಂದ ಬಗೆ

ಕೊಡಗಿನ ಒಂದೇ ಊರಿನ ಇಬ್ಬರು ಹವಾಲ್ದಾರರನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ ದುಡಿದದ್ದು ಅಷ್ಟೇ ವರ್ಷ; ಒಬ್ಬರು 1995ರಲ್ಲಿ ಊರಿಗೆ ಮರಳಿದರು, ಇನ್ನೊಬ್ಬರು 2006ರ ಬಳಿಕ. ಬ್ಯಾಂಕಿನ ಜಗಲಿಯಲ್ಲಿ ಪಾಸ್‌ಬುಕ್ ತೆರೆದು ನೋಡಿದರೆ ಹಿರಿಯರ ಪಿಂಚಣಿಯೇ ಕಡಿಮೆ. ಒಂದು ದಶಕದ ಹಿಂದಿನವರೆಗೂ ಲಕ್ಷಾಂತರ ಮಾಜಿ ಸೈನಿಕರ ಪಾಡು ಇದೇ ಆಗಿತ್ತು.

ನಿವೃತ್ತಿಯ ಹೊತ್ತಿನ ಸಂಬಳವೇ ಪಿಂಚಣಿಗೆ ಆಧಾರವಾದ್ದರಿಂದ, ಪ್ರತಿ ವೇತನ ಆಯೋಗ ಬಂದಾಗಲೂ ಹಳಬರು ಹಿಂದುಳಿಯುತ್ತಿದ್ದರು. ಅರವತ್ತರವರೆಗೆ ದುಡಿಯುವ ನಾಗರಿಕ ನೌಕರ ಹೆಚ್ಚಿನ ಆಯೋಗಗಳ ಲಾಭವನ್ನು ಸೇವೆಯಲ್ಲಿದ್ದಾಗಲೇ ಪಡೆದರೆ, ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚುವ ಜವಾನ ಅವನ್ನೆಲ್ಲ ಹೊರಗೆ ನಿಂತು ನೋಡಬೇಕು. ಇಡೀ ವಿವಾದದ ತಿರುಳು ಇಲ್ಲಿದೆ ಎಂದು ನನಗನ್ನಿಸುತ್ತದೆ. 1996ಕ್ಕೆ ಮೊದಲು ನಿವೃತ್ತರಾದ ಮೇಜರ್ ಜನರಲ್‌ಗಳ ಪಿಂಚಣಿ ಆಮೇಲೆ ನಿವೃತ್ತರಾದ ಕೆಳ ಶ್ರೇಣಿಯ ಬ್ರಿಗೇಡಿಯರ್‌ಗಳಿಗಿಂತ ಕಡಿಮೆಯಾಗಿ, ಅದನ್ನು ಸರಿಪಡಿಸಲು 2008ರಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು.

ಈ ಅಸಮಾಧಾನದ ಬೇರನ್ನು ಮಾಜಿ ಸೈನಿಕರು 1973ರ ಮೂರನೇ ವೇತನ ಆಯೋಗದಲ್ಲಿ ಗುರುತಿಸುತ್ತಾರೆ. ಅದುವರೆಗೆ ಜವಾನರಿಗೆ ಸಂಬಳದ ಶೇ 70ರಷ್ಟಿದ್ದ ಪಿಂಚಣಿ ಆಗ ಶೇ 50ಕ್ಕೆ ಇಳಿಯಿತು ಎಂಬುದು ಅವರ ದೂರು. ನಾಲ್ಕನೇ ಆಯೋಗ 1986ರಿಂದ ಕ್ಯಾಪ್ಟನ್‌ನಿಂದ ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ ಹುದ್ದೆಗೆ ತಕ್ಕ ಹೆಚ್ಚುವರಿ ಮೊತ್ತವಾದ ‘ಶ್ರೇಣಿ ವೇತನ’ ಕೊಟ್ಟಿತಾದರೂ ಅಷ್ಟೇ ಮೊತ್ತವನ್ನು ಮೂಲ ವೇತನದಿಂದ ಕಳೆಯಲಾಯಿತು. ಮೇಜರ್ ಧನಪಾಲನ್ ಹೂಡಿದ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟ್ 1998ರಲ್ಲಿ ಇದನ್ನು ತಪ್ಪೆಂದಿತು. ಉಳಿದ ಅಧಿಕಾರಿಗಳ ಹಕ್ಕು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು 2012 ಬರಬೇಕಾಯಿತು.

ಆರನೇ ಆಯೋಗದ ಬಳಿಕ ಸಹನೆಯ ಕಟ್ಟೆಯೊಡೆದು, 2009ರಲ್ಲಿ ಮಾಜಿ ಸೈನಿಕರು ತಮ್ಮ ಪದಕಗಳನ್ನೇ ರಾಷ್ಟ್ರಪತಿ ಭವನಕ್ಕೆ ಮರಳಿಸಿದರು. ಎದೆಯ ಮೇಲಿನ ಪದಕ ಬಿಚ್ಚಿಕೊಡುವುದು ಸೈನಿಕನಿಗೆ ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಶ್ರೇಣಿಗೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ ಸಿಗಬೇಕು, ಮುಂದಿನ ಹೆಚ್ಚಳವೂ ತಾನಾಗಿ ಹಳಬರಿಗೆ ತಲುಪಬೇಕು ಎಂದು ಭಗತ್ ಸಿಂಗ್ ಕೋಶ್ಯಾರಿ ನೇತೃತ್ವದ ರಾಜ್ಯಸಭಾ ಸಮಿತಿ 2011ರಲ್ಲಿ ಹೇಳಿತು. 2015ರ ಜೂನ್‌ನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆದು, ಸೆಪ್ಟೆಂಬರ್ 5ರಂದು ಸರ್ಕಾರ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯನ್ನು ಘೋಷಿಸಿತು. ಆದರೆ ಪರಿಷ್ಕರಣೆ ಐದು ವರ್ಷಕ್ಕೊಮ್ಮೆ ಮಾತ್ರ. ಆ ಐದು ವರ್ಷಗಳ ನಡುವೆ ಹೊಸ ಅಂತರ ಹುಟ್ಟುತ್ತದೆಂಬ ಆಕ್ಷೇಪವನ್ನು ಸುಪ್ರೀಂ ಕೋರ್ಟ್ 2022ರ ಮಾರ್ಚ್‌ನಲ್ಲಿ ಒಪ್ಪಲಿಲ್ಲ.

ಸೇವೆಯಲ್ಲಿರುವವರ ಕೊರಗು ಬೇರೆ. ಸೇನಾ ಬದುಕಿನ ಕಷ್ಟಗಳಿಗಾಗಿ ಕೊಡುವ ‘ಮಿಲಿಟರಿ ಸೇವಾ ವೇತನ’ ಏಳನೇ ಆಯೋಗದಂತೆ ಅಧಿಕಾರಿಗೆ ತಿಂಗಳಿಗೆ 15,500 ರೂಪಾಯಿ, ಜವಾನನಿಗೆ 5,200. ಗಡಿಯ ಚಳಿಯೂ ಗುಂಡೂ ಹುದ್ದೆ ಕೇಳುವುದಿಲ್ಲವೆಂಬ ಜವಾನರ ವಾದವನ್ನು ತಳ್ಳಿಹಾಕುವುದು ನನಗಂತೂ ಸಾಧ್ಯವಿಲ್ಲ. ಇನ್ನು ನಾಲ್ಕು ವರ್ಷದ ಮಟ್ಟಿಗೆ ಸೈನಿಕರನ್ನು ನೇಮಿಸುವ 2022ರ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ‘ಸೇವಾನಿಧಿ’ ಎಂಬ ಇಡುಗಂಟಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕು ವರ್ಷ ಮುಗಿದಾಗ ಶೇ 25ರಷ್ಟು ಮಂದಿಯನ್ನು ಉಳಿಸಿಕೊಳ್ಳಬಹುದು. ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯಿದೆ, ಪಿಂಚಣಿಯಿಲ್ಲ.