ಮಿಸಳ್, ಪಾವ್, ಖಾನಾವಳಿ: ಉತ್ತರ ಕನ್ನಡದ ತಾಟಿಗೆ ಮುಂಬೈ ಬಂದ ದಾರಿ

ಕುಂದಾಪುರದಿಂದ ಹೊರಟು ಬೈಂದೂರು ದಾಟಿ ಭಟ್ಕಳ, ಹೊನ್ನಾವರ, ಕುಮಟಾ ಎಂದು ಉತ್ತರಕ್ಕೆ ಬರುವವರು ಬೆಳಗಿನ ತಿಂಡಿಯ ಬೋರ್ಡುಗಳನ್ನು ಗಮನಿಸಬೇಕು. ಬನ್ಸ್ ಎರಡೂ ಕಡೆ ಇದೆ. ಆದರೆ ದಕ್ಷಿಣದಲ್ಲಿ ಅದರ ಜೊತೆಗೆ ಚಟ್ನಿ, ಸಾಂಬಾರ್ ಬರುತ್ತದೆ. ಇಲ್ಲಿ ಬರುವುದು ಬಿಳಿ ಬಟಾಣಿಯ ಭಾಜಿ. ಇನ್ನೂ ಮುಂದೆ ಬಂದರೆ ಮಿಸಳ್-ಅವಲಕ್ಕಿ, ಕಾರವಾರ ಮುಟ್ಟಿದರೆ ಪಾವ್. ಮಧ್ಯಾಹ್ನದ ಊಟದ ಮನೆಯ ಹೆಸರೂ ಬದಲಾಗಿರುತ್ತದೆ. ಉಡುಪಿ, ಮಂಗಳೂರಿನವರು ಹೋಟೆಲ್ ಎನ್ನುವುದಕ್ಕೆ ಕಾರವಾರದವರು ಖಾನಾವಳಿ ಎನ್ನುತ್ತಾರೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲೂ ಅದೇ ಮಾತು.

ಇದಕ್ಕೆ ಕಾರಣ ಅಡುಗೆಯಲ್ಲಿಲ್ಲ, ಆಡಳಿತದಲ್ಲಿದೆ. ಒಂದೇ ಆಗಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಬ್ರಿಟಿಷರು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿದ್ದ ಕಾಲ ಅದು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬರುತ್ತಿದ್ದುದು ಕುಮಟಾಕ್ಕೆ; ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಕಾರವಾರ ಕೊಲ್ಲಿಯಲ್ಲಿ ಒಳ್ಳೆಯ ಬಂದರು ಕಟ್ಟಬೇಕು, ಹತ್ತಿ ಬೆಳೆಯುವ ನೆಲವೂ ಸಾಗಿಸುವ ಬಂದರೂ ಒಂದೇ ಸರಕಾರದ ಕೈಯಲ್ಲಿರಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಮುಂದೆ 1956ರ ನವೆಂಬರ್ 1ರಂದು ಎರಡೂ ಮೈಸೂರು ರಾಜ್ಯದಲ್ಲಿ ಮತ್ತೆ ಕೂಡಿದವು. ನಡುವಿನ 94 ವರ್ಷಗಳ ಅಂತರ ನಾಲಿಗೆಯ ಮೇಲೆ ಇಂದಿಗೂ ಉಳಿದಿದೆ.

ಕಾರವಾರ ಜಿಲ್ಲೆಯ ಕೇಂದ್ರವಾದಾಗ ಕಚೇರಿ, ಕೋರ್ಟು, ಬಂದರು ಬಂದವು. ಮುಂಬೈ ಪ್ರಾಂತ್ಯದ ಯಾವ ಮೂಲೆಯಿಂದಲಾದರೂ ಇಲ್ಲಿಗೆ ವರ್ಗವಾಗುತ್ತಿತ್ತು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ ಕಾರವಾರಕ್ಕೆ ಬಂದದ್ದು ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬ ಕಾರಣಕ್ಕೆ. ನ್ಯಾಯಾಧೀಶರಿಗೆ ಬಂಗಲೆ, ಅಡುಗೆಯವರು ಇರುತ್ತಾರೆ. ಸಂಸಾರ ಊರಲ್ಲಿ ಬಿಟ್ಟು ಬಂದ ಕಾರಕೂನ, ತಾರೀಖಿಗೆ ಬಂದ ಕಕ್ಷಿದಾರ, ಆಗಬೋಟಿಗೆ (ಉಗಿಹಡಗಿಗೆ) ಕಾದು ಕೂತ ಪ್ರಯಾಣಿಕ ಇವರಿಗೆ ಊಟ ಬೇಕಲ್ಲ? ಯಾರದೋ ಮನೆಯ ಮುಂದಿನ ಜಗಲಿಯಲ್ಲಿ ಹೆಚ್ಚಿಗೆ ನಾಲ್ಕು ಎಲೆ ಹಾಕಿದಲ್ಲಿಂದ ಖಾನಾವಳಿ ಶುರುವಾಗುತ್ತದೆ. ಅದಕ್ಕೇ ಇಂದಿಗೂ ಒಳ್ಳೆಯ ಖಾನಾವಳಿ ಮನೆಯ ವೇಳಾಪಟ್ಟಿಯಲ್ಲೇ ನಡೆಯುತ್ತದೆ. ಹನ್ನೆರಡೂವರೆಗೆ ಹೋದವರಿಗೆ ಸಿಕ್ಕ ಮೀನು ಎರಡೂವರೆಗೆ ಹೋದವರಿಗೆ ಸಿಗುವುದಿಲ್ಲ, ಮೂರು ಗಂಟೆಗೆ ಪಾತ್ರೆ ತೊಳೆಯುವ ಸದ್ದು. ಇದನ್ನು ಅಶಿಸ್ತು ಎಂದುಕೊಳ್ಳಬಾರದು. ಬೆಳಿಗ್ಗೆ ಮಾರುಕಟ್ಟೆಯಿಂದ ತಂದ ಮೀನು ಖಾಲಿಯಾಗಿದೆ ಎಂದಷ್ಟೇ ಅರ್ಥ.

ಖಾನಾವಳಿಯ ತಾಟಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಚಿಪ್ಪಿ ಸುಕ್ಕಾ ಅಥವಾ ಒಣಸೆಟ್ಲಿ (ಒಣ ಸಿಗಡಿ) ಚಟ್ನಿ, ಒಂದು ಪಲ್ಯ, ಸೋಲಕಡಿ ಇರುತ್ತದೆ. ಹುರಿದ ಮೀನಿಗೆ ಬೇರೆ ದರ. ಹೆಸರುಗಳನ್ನು ತಿಳಿದಿದ್ದರೆ ಅನುಕೂಲ: ಮಂಗಳೂರಿನ ಬಂಗುಡೆ ಇಲ್ಲಿ ಬಂಗಡೆ, ಭೂತಾಯಿ ಇಲ್ಲಿ ತಾರ್ಲೆ, ಕಾಣೆ ಇಲ್ಲಿ ನೋಗಲಿ, ಅಂಜಲ್ ಇಲ್ಲಿ ಇಸೋಣ.

ಬಂಗಡೆ, ತಾರ್ಲೆಯ ಸಾರಿಗೆ ಹಾಕುವ ಜುಮ್ಮನಕಾಯಿ (ಕೊಂಕಣಿಯಲ್ಲಿ ತೆಪ್ಪಲ) ಕಾರವಾರದ ಗುರುತು. ಬೇಕಾಗುವುದು ಅದರ ಒಣ ಸಿಪ್ಪೆ ಮಾತ್ರ, ಒಳಗಿನ ಕರಿ ಬೀಜ ಕಹಿ. ನಾಲ್ಕು ಜನರ ಸಾರಿಗೆ ಎಂಟು-ಹತ್ತು ಕಾಯಿ ಸಾಕು. ಬೀಜ ತೆಗೆದು, ಸ್ವಲ್ಪ ನೀರಲ್ಲಿ ನೆನೆಸಿ, ಬೆರಳಲ್ಲಿ ಜಜ್ಜಿ ಕೊನೆಗೆ ಹಾಕುತ್ತಾರೆ. ಕಾಯಿ, ಬ್ಯಾಡಗಿ ಮೆಣಸಿನ ಜೊತೆಗೇ ನುಣ್ಣಗೆ ರುಬ್ಬಿದರೆ ಸಾರಿನ ಘಮ ಹೋಗಿ ಒಗರು ಉಳಿಯುತ್ತದೆ. ಎಣ್ಣೆ ಅಂಶವಿರುವ ಮೀನಿಗೇ ಇದು ಸರಿ. ನೋಗಲಿಗೆ ಹಾಕಿದರೆ ಮೀನಿನ ರುಚಿಯೇ ಮುಚ್ಚಿಹೋಗುತ್ತದೆ.

ರವಾ ಫ್ರೈ ಇಲ್ಲಿಂದ ಗೋವೆಯವರೆಗೂ ಒಂದೇ ಬಗೆ. ತೊಳೆದ ಮೀನನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಪ್ಪು, ಅರಿಶಿನ, ಖಾರದಪುಡಿ, ಹುಳಿ ಸವರಿ ಅರ್ಧ ಗಂಟೆ ಇಟ್ಟು, ಮೂರು ಪಾಲು ರವೆಗೆ ಒಂದು ಪಾಲು ಅಕ್ಕಿಹಿಟ್ಟು ಬೆರೆಸಿ ಹೊರಳಿಸುತ್ತಾರೆ. ನೀರು ಆರದ ಮೀನಿನ ಮೇಲೆ ರವೆ ನಿಲ್ಲುವುದಿಲ್ಲ. ಕಾವಲಿ ಸಾಕಷ್ಟು ಕಾಯದಿದ್ದರೆ ರವೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಒಂದು ಮಗ್ಗುಲು ಗಟ್ಟಿಯಾಗುವ ಮೊದಲೇ ಮಗುಚಿದರೆ ಕವಚ ಕಾವಲಿಗೇ ಅಂಟಿಕೊಳ್ಳುತ್ತದೆ. ತಾಟಿಗೆ ಬಂದ ಮೀನಿನ ರವೆ ಚಮಚದಿಂದ ತಟ್ಟಿದರೆ ಸದ್ದು ಮಾಡಬೇಕು.

ಸೋಲಕಡಿಯನ್ನು ನೋಡಿದರೆ ಆ ಅಡುಗೆಮನೆಯ ಶ್ರದ್ಧೆ ಗೊತ್ತಾಗುತ್ತದೆ. ಒಣ ಮುರುಗಲ (ಕೋಕಂ) ಸಿಪ್ಪೆ ಹತ್ತು-ಹನ್ನೆರಡನ್ನು ಒಂದು ಲೋಟ ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಬೇಕು. ಒಂದು ತೆಂಗಿನಕಾಯಿಯ ಮೊದಲ, ಎರಡನೆಯ ಹಾಲು ಸೇರಿಸಿ, ಬೆಳ್ಳುಳ್ಳಿ, ಹಸಿಮೆಣಸು ಜಜ್ಜಿ ಹಾಕಿ, ಉಪ್ಪು ಬೆರೆಸಿದರೆ ಮುಗಿಯಿತು. ಒಲೆಗೆ ಇಡುವಂತಿಲ್ಲ, ಹಾಲು ಒಡೆಯುತ್ತದೆ. ಹೊರಗಿಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಕೆಡುತ್ತದೆ. ಹುಳಿಯಿರುವುದರಿಂದ ಅಲ್ಯುಮಿನಿಯಂ ಪಾತ್ರೆ ಸಲ್ಲ. ನಿಜವಾದ ಸೋಲಕಡಿಯ ಬಣ್ಣ ಮಂಕು ಗುಲಾಬಿ. ಕಣ್ಣು ಕುಕ್ಕುವ ಗುಲಾಬಿ ಕಂಡರೆ ಅಲ್ಲಿ ಬಣ್ಣದ ಪುಡಿ ಬಿದ್ದಿದೆಯೇ ಎಂದು ಸಂಶಯಪಡಬೇಕು.

ಹೋಗುವ ದಿನವನ್ನೂ ನೋಡಿಕೊಳ್ಳಬೇಕು. ಸೋಮವಾರ ಅನೇಕ ಮನೆಗಳಲ್ಲಿ ಮೀನಿಲ್ಲ, ಆದ್ದರಿಂದ ಖಾನಾವಳಿಯಲ್ಲೂ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಸಿಗುವ ದೊಡ್ಡ ಇಸೋಣ ಬಹುಪಾಲು ಮಂಜುಗಡ್ಡೆಯಲ್ಲಿಟ್ಟದ್ದು. ಆ ಎರಡು ತಿಂಗಳು ಕಾಳಿ, ಅಘನಾಶಿನಿಯ ಹೊಳೆ ಮೀನು ಮತ್ತು ಒಣಮೀನಿನ ಅಡುಗೆ ಕೇಳುವುದು ಜಾಣತನ. ಆಗಸ್ಟ್ ಬಂದರೂ ಶ್ರಾವಣದಲ್ಲಿ ಮೀನು ಬಿಡುವವರು ಚವತಿ ಮುಗಿಯುವವರೆಗೆ ಮುಟ್ಟುವುದಿಲ್ಲ.

ಪಾವ್‌ನ ದಾರಿ ಬೇರೆ. ಅದು ಬಂದದ್ದು ಕಾಳಿ ನದಿಯ ಆಚೆಯ ಗೋವೆಯಿಂದ. ಪೋರ್ಚುಗೀಸರಿಗೆ ರೊಟ್ಟಿ ಬೇಕು, ಇಲ್ಲಿ ಯೀಸ್ಟ್ ಇಲ್ಲ. ಹಾಗಾಗಿ ತೆಂಗಿನ ಶೇಂದಿಯಿಂದ ಹಿಟ್ಟು ಹುದುಗಿಸುವ ಪದ್ಧತಿ ಬೆಳೆಯಿತು. ಬ್ರೆಡ್ ಸುಡುವವರಿಗೆ ಕೊಂಕಣಿಯಲ್ಲಿ ಪೊದೇರ್ ಎನ್ನುತ್ತಾರೆ, ಅದು ಪೋರ್ಚುಗೀಸ್ ಮಾತಿನಿಂದಲೇ ಬಂದದ್ದು. ಶೇಂದಿಯ ಹುದುಗು ನಿಧಾನ. ರಾತ್ರಿ ಕಲಸಿದ ಹಿಟ್ಟು ಬೆಳಗಿನ ಜಾವಕ್ಕೆ ಏಳುತ್ತದೆ, ಆ ನಿಧಾನದಲ್ಲೇ ಪಾವ್‌ಗೆ ನಸು ಹುಳಿ ಸೇರುತ್ತದೆ. ಬೇಸಿಗೆಯ ಸೆಕೆಗೆ ಹಿಟ್ಟು ಮಿತಿ ಮೀರಿ ಹುಳಿಯುತ್ತದೆ, ಶೇಂದಿ ಇಳಿಸುವವರೂ ಕಡಿಮೆಯಾದರು. ಬಹುತೇಕ ಭಟ್ಟಿಗಳಲ್ಲಿ ಈಗ ಅಂಗಡಿಯ ಯೀಸ್ಟೇ ಇದೆ. ಒಂದು ಕಿಲೋ ಮೈದಾಕ್ಕೆ ಸುಮಾರು 600 ಮಿಲಿಲೀಟರ್ ನೀರು, 15ರಿಂದ 20 ಗ್ರಾಂ ಉಪ್ಪು. ಯೀಸ್ಟ್ ಹೆಚ್ಚು ಹಾಕಿ ಎರಡು ಗಂಟೆಯಲ್ಲಿ ಏಳಿಸಿದ ಪಾವ್ ನೋಡಲು ಉಬ್ಬಿರುತ್ತದೆ, ಸಂಜೆಗೆಲ್ಲ ಪುಡಿಪುಡಿ.

ಪಾವ್ ಕೊಳ್ಳುವಾಗ ಮೇಲ್ಮೈಯ ಹೊಳಪಿಗಿಂತ ಬುಡ ನೋಡಬೇಕು. ಕಟ್ಟಿಗೆ ಭಟ್ಟಿಯ ನೆಲಕ್ಕೆ ತಾಗಿದ್ದರೆ ಬುಡ ಗಟ್ಟಿ, ಕಂದು. ಜೋಡಿ ಬಿಡಿಸಿದಾಗ ಮಗ್ಗುಲು ಎಳೆ ಎಳೆಯಾಗಿ ಬಿಚ್ಚಿಕೊಳ್ಳಬೇಕು, ಒತ್ತಿ ಬಿಟ್ಟರೆ ಮೇಲೇಳಬೇಕು. ಗೋದಿ ತವಡಿನ ಬ್ರೆಡ್ಡಾದ ಪೊಯಿ ಒಳಗೆ ಟೊಳ್ಳು, ಬೇಗ ಒಣಗುತ್ತದೆ. ತಂದ ಹೊತ್ತಿಗೇ ತಿನ್ನಬೇಕು. ಉಳಿದ ಪಾವ್‌ಗೆ ನೀರು ಚಿಮುಕಿಸಿ ಬಿಸಿ ಕಾವಲಿ ಮೇಲೆ ಒಂದು ನಿಮಿಷ ಮುಚ್ಚಿಟ್ಟರೆ ಜೀವ ಬರುತ್ತದೆ.

ಜೊತೆಗಿನ ಭಾಜಿ ಸುಲಭವೆಂದು ಕಂಡರೂ ಹೆಚ್ಚಿನವರು ಅಲ್ಲೇ ಎಡವುತ್ತಾರೆ. ಬಿಳಿ ಬಟಾಣಿ ಎಂಟು ಗಂಟೆ ನೆನೆಯಬೇಕು. ಟೊಮೆಟೊ, ಹುಳಿ ಮೊದಲೇ ಹಾಕಿದರೆ ಕಾಳು ಬೇಯದೆ ಸಿಪ್ಪೆ ಗಟ್ಟಿಯಾಗುತ್ತದೆ. ಬೆಂದ ಮೇಲೆ ಮೂರರಲ್ಲಿ ಒಂದು ಪಾಲು ಮಸೆದು ಬೆರೆಸಿದರೆ ರಸ ತಾನಾಗಿ ದಪ್ಪವಾಗುತ್ತದೆ, ಹಿಟ್ಟು ಕದಡುವ ಅಗತ್ಯವಿಲ್ಲ. ಇದೇ ಭಾಜಿಯನ್ನು ಕಾಯಿ, ಮೆಣಸು, ಚೂರು ಬೆಲ್ಲ ಹಾಕಿ ಕಲಸಿದ ತೆಳು ಅವಲಕ್ಕಿಯ ಮೇಲೆ ಸುರಿದು, ಈರುಳ್ಳಿ, ಶೇವು ಉದುರಿಸಿದರೆ ಮಿಸಳ್-ಅವಲಕ್ಕಿ. ಮಿಸಳ್ ಎಂಬ ಹೆಸರು ಮರಾಠಿಯದು, ಅವಲಕ್ಕಿ ನಮ್ಮದು. ಭಾಜಿ ಬೇರೆ ಬಟ್ಟಲಲ್ಲಿ ಕೊಡಿ ಎಂದು ಕೇಳಿ ತುಸು ತುಸುವೇ ಹಾಕಿಕೊಂಡು ತಿನ್ನಬೇಕು. ಒಮ್ಮೆಗೇ ಸುರಿದರೆ ತೆಳು ಅವಲಕ್ಕಿ ಎರಡು ನಿಮಿಷದಲ್ಲಿ ಗಂಜಿ.

ಭಟ್ಕಳ ಈ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ. ವಿಜಯನಗರದ ಕಾಲಕ್ಕೇ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು ಅದು. ಅರಬ್ ವ್ಯಾಪಾರಿಗಳ ನಂಟಿನಿಂದ ಬಂದ, ಅಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಅಡುಗೆ ಮುಂಬೈ ಪ್ರಾಂತ್ಯಕ್ಕಿಂತ ಬಹಳ ಹಳೆಯದು. ಭಟ್ಕಳದ ಬಿರಿಯಾನಿಯ ಗುಟ್ಟು ಈರುಳ್ಳಿ. ಒಂದು ಕಿಲೋ ಮಾಂಸಕ್ಕೆ ಹೆಚ್ಚುಕಡಿಮೆ ಅಷ್ಟೇ ಈರುಳ್ಳಿ ಕರಗಿ ಮಸಾಲೆಯಾಗಬೇಕು. ಅನ್ನ ಬೇರೆ, ಮಸಾಲೆ ಬೇರೆ ಬೆಂದು ಪದರವಾಗಿ ಕೂಡುತ್ತವೆ. ಬಡಿಸುವವರು ಪಾತ್ರೆಯ ಮೇಲಿನಿಂದ ಮಾತ್ರ ಅನ್ನ ತೆಗೆದರೆ ಬಿಳಿ ಅನ್ನವಷ್ಟೇ ಬರುತ್ತದೆ, ಬುಡದಿಂದ ಎತ್ತಿ ಬಡಿಸಿ ಎಂದು ಹೇಳುವುದರಲ್ಲಿ ಸಂಕೋಚ ಬೇಡ. ಅನ್ನದ ಬದಲು ಶಾವಿಗೆ ಹಾಕಿ ಮಾಡುವ ಬಿರಿಯಾನಿ ಕಂಡರೆ ಬಿಡಬಾರದು.

ಘಟ್ಟದ ಮೇಲಿನ ಶಿರಸಿಯಲ್ಲಿ ಮನೆಯೂಟ ಅಂಗಡಿಗೆ ಬಂದದ್ದು ತಡವಾಗಿ. ಅಡಿಕೆ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್ ಹುಟ್ಟಿದ್ದು 1923ರಲ್ಲಿ. ಚೀಲ ಇಳಿಸಿ, ದರಕ್ಕೆ ಕಾದು, ಸಾಮಾನು ಕಟ್ಟಿಸಿಕೊಂಡು ಹೋಗುವ ಹವ್ಯಕ ಕೃಷಿಕನಿಗೆ ಪೇಟೆಯಲ್ಲಿ ತಿಂಡಿ, ಕಷಾಯ ಸಾಕಿತ್ತು; ಅಪ್ಪೆಹುಳಿ, ತಂಬುಳಿ ಮನೆಯಲ್ಲೇ ಕಾದಿರುತ್ತಿತ್ತು. ಈಗ ಅವೂ ಪೇಟೆಯ ಊಟದೆಲೆಗೆ ಬಂದಿವೆ. ಕಟ್ಟಿಕೊಂಡು ಹೋಗಲು ತೊಡದೇವು. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಲ್ಲಿ ನುಣ್ಣಗೆ ರುಬ್ಬಿ ನೀರಾದ ಹಿಟ್ಟು ಮಾಡುತ್ತಾರೆ. ಬೆಂಕಿಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆಯ ಬೆನ್ನಿಗೆ ಬಟ್ಟೆ ಅದ್ದಿ ಒಂದೇ ಸೆಳೆತಕ್ಕೆ ಬಳಿದು, ಕ್ಷಣದಲ್ಲಿ ಎಬ್ಬಿಸಿ, ಬಿಸಿ ಇರುವಾಗಲೇ ಮಡಚುತ್ತಾರೆ. ಹಿಟ್ಟು ದಪ್ಪವಾದರೆ ಕಾಗದದಂತೆ ಏಳುವುದಿಲ್ಲ, ಉರಿ ಹೆಚ್ಚಾದರೆ ಸಿಹಿ ಹೊತ್ತುತ್ತದೆ, ಗಡಿಗೆಗೆ ಎಣ್ಣೆ ಜಾಸ್ತಿಯಾದರೆ ಹಿಟ್ಟು ಜಾರುತ್ತದೆ. ಆಲೆಮನೆಯ ಕಾಲದಲ್ಲಿ, ಜನವರಿಯಿಂದ ಮಾರ್ಚ್ ಒಳಗೆ, ಕಬ್ಬಿನ ಹಾಲಿನದೇ ಸಿಗುವ ಸಂಭವ ಹೆಚ್ಚು; ಉಳಿದಂತೆ ಬೆಲ್ಲದ್ದು, ಸಕ್ಕರೆಯದ್ದು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ ತೆಗೆದುಕೊಂಡೇ ಹೋಗಬೇಕು.

ಶಿರಸಿಯಿಂದ ಒಂದು-ಒಂದೂವರೆ ತಾಸು ಹೋದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರ ವಸತಿ ನೆಲೆಗೊಂಡಿತು. ಗಾಂದೆನ್, ಡ್ರೆಪುಂಗ್ ಮಠಗಳು ಅಲ್ಲೇ ಮತ್ತೆ ಕಟ್ಟಿಕೊಂಡವು. ಮಠದ ಸುತ್ತಲಿನ ಚಿಕ್ಕ ಹೋಟೆಲುಗಳಲ್ಲಿ ಮೊಮೊ, ಥುಕ್ಪಾ ಎಂಬ ನೂಡಲ್ಸ್ ಸಾರು, ಹಬೆಯಲ್ಲಿ ಬೇಯಿಸಿದ ಬನ್ನಿನಂಥ ಟಿಂಗ್‌ಮೊ ಸಿಗುತ್ತವೆ. ಮೊಮೊ ಹಾಳೆಯ ಅಂಚು ತೆಳು, ನಡು ದಪ್ಪ ಇರಬೇಕು. ಎಲೆಕೋಸಿಗೆ ಉಪ್ಪು ಹಾಕಿ ನೀರು ಹಿಂಡದಿದ್ದರೆ ಬುಡ ಒದ್ದೆಯಾಗಿ ಹರಿಯುತ್ತದೆ. ಟಿಬೆಟಿಯನ್ ಹೊಸ ವರ್ಷವಾದ ಲೋಸಾರ್ ಹಬ್ಬದ ದಿನಗಳಲ್ಲಿ, ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, ಅಂಗಡಿ ಮುಚ್ಚಿರಬಹುದು. ಮೇ-ಜೂನ್ ಸುಮಾರಿಗೆ ಬರುವ, ಬೌದ್ಧರಿಗೆ ಪವಿತ್ರವಾದ ಸಾಗಾ ದಾವಾ ತಿಂಗಳಲ್ಲಿ ಮಾಂಸ ಬಿಡುವವರು ಬಹಳ.

ಕೊಂಕಣ ರೈಲು 1998ರಲ್ಲಿ ಪೂರ್ತಿಯಾಯಿತು, ಆಮೇಲೆ ಹೆದ್ದಾರಿ ನಾಲ್ಕು ಪಥವಾಯಿತು. ಅಗಲೀಕರಣದಲ್ಲಿ ರಸ್ತೆ ಬದಿಯ ಎಷ್ಟೋ ಚಾ ಅಂಗಡಿ, ಊಟದ ಮನೆಗಳು ಹೋದವು. ಲಾರಿಯವರು ನಿಲ್ಲಿಸಿ ಊಟ ಮಾಡುತ್ತಿದ್ದ ಅಂಕೋಲಾ ತಾಲೂಕಿನ ಶಿರೂರಿನ ಅಂಗಡಿಯೊಂದು 2024ರ ಜುಲೈ 16ರಂದು ಗುಡ್ಡ ಕುಸಿದು, ನಡೆಸುತ್ತಿದ್ದ ಸಂಸಾರದ ಸಮೇತ ಕೊಚ್ಚಿಹೋಯಿತು. ಪರವೂರ ಚಾಲಕರಿಗೆ ಆ ಮಳೆಯಲ್ಲೂ ಬಿಸಿ ಅನ್ನ ಹಾಕುತ್ತಿದ್ದ ಮನೆ ಅದು.

ಈಗ ಹೆದ್ದಾರಿಯಲ್ಲೇ ಸಾಗಿದರೆ ಕಣ್ಣಿಗೆ ಬೀಳುವುದು ಗೋಬಿ, ನೂಡಲ್ಸ್, ಉತ್ತರದ ಥಾಲಿ. ಖಾನಾವಳಿ ಬೇಕಾದವರು ಊರೊಳಗಿನ ಹಳೆ ರಸ್ತೆಗೆ ಇಳಿಯಬೇಕು. ಕೋರ್ಟು, ಬಸ್ ಸ್ಟ್ಯಾಂಡು, ಮೀನು ಮಾರುಕಟ್ಟೆ ಈ ಮೂರರ ನಡುವಿನ ಓಣಿಗಳಲ್ಲಿ, ಹನ್ನೆರಡೂವರೆ ಹೊತ್ತಿಗೆ, ವಕೀಲರ ಗುಮಾಸ್ತರೂ ಮೀನು ಮಾರಿ ಬಂದ ಹೆಂಗಸರೂ ಒಂದೇ ಬಾಗಿಲಿಗೆ ಹೋಗುತ್ತಿದ್ದರೆ ಅವರ ಹಿಂದೆಯೇ ಹೋಗಬಹುದು.